ಅಪ್ಪನ ಬೋಳುತಲೆ, ನನ್ನ ಊಟದ ತಟ್ಟೆ

ವಂಶದಿಂದ ಬರೋ ಬೋಳುತಲೆಯನ್ನು ಊಟದಿಂದ ಸ್ವಲ್ಪ ಮುಂದೂಡಬಹುದಾ ಅಂತ ಓದುತ್ತಿದ್ದೇನೆ. ಅರ್ಥವಾಗಿದ್ದು ಮರೆಯುವ ಮುಂಚೆ ಬರೆದಿಡುತ್ತೇನೆ.

ಮೈಯಲ್ಲಿರುವ ಟೆಸ್ಟೋಸ್ಟಿರಾನ್ ಅನ್ನುವ ಗಂಡು ಹಾರ್ಮೋನಿನಲ್ಲಿ ಸ್ವಲ್ಪ, ಡಿಎಚ್‌ಟಿ ಅನ್ನುವ ಇನ್ನೊಂದು ಹಾರ್ಮೋನು ಆಗಿ ಬದಲಾಗುತ್ತದೆ. ಹಣೆಯ ಅಂಚಿನ ಮತ್ತು ನೆತ್ತಿಯ ಕೂದಲ ಬುಡಕ್ಕೆ ಅದು ಆಗಿಬರುವುದಿಲ್ಲ. ಬುಡ ವರ್ಷ ಕಳೆದಂತೆ ಚಿಕ್ಕದಾಗುತ್ತಾ ಹೋಗಿ, ದಪ್ಪ ಕೂದಲಿದ್ದ ಜಾಗದಲ್ಲಿ ನವಿರಾದ ರೋಮ ಬರುತ್ತದೆ. ಹ್ಯಾಮಿಲ್ಟನ್ ಅನ್ನುವ ವಿಜ್ಞಾನಿ 1942ರಲ್ಲೇ ಇದನ್ನು ಬರೆದಿದ್ದ: ಪ್ರಾಯಕ್ಕೆ ಬರುವ ಮೊದಲೇ ವೃಷಣ ಕಳೆದುಕೊಂಡವರಿಗೆ ಬೋಳಾಗುತ್ತಿರಲಿಲ್ಲ, ಹಾರ್ಮೋನು ಕೊಟ್ಟಾಗ ಮನೆತನದಲ್ಲಿ ಬೋಳುತಲೆ ಇದ್ದವರಿಗೆ ಕೂದಲು ಹೋಗತೊಡಗಿತು. ಅಂದರೆ ಹಾರ್ಮೋನೂ ಬೇಕು, ವಂಶವೂ ಬೇಕು. ಸೋದರಮಾವನ ತಲೆ ನೋಡು ಅಂತಾರಲ್ಲ, ಅದು ಅರ್ಧ ನಿಜ. ಮುಖ್ಯವಾದ ಒಂದು ಜೀನ್ ಅಮ್ಮನ ಕಡೆಯಿಂದ ಬರುತ್ತದೆ, ಆದರೆ ಅಪ್ಪನ ಕಡೆಯ ಜೀನ್‌ಗಳೂ ಸೇರಿಕೊಳ್ಳುತ್ತವೆ.

ನಾನು ಸಿಕ್ಕಿಹಾಕಿಕೊಂಡಿದ್ದು ಇಲ್ಲಲ್ಲ, ತಿಂಗಳ ಲೆಕ್ಕದಲ್ಲಿ.

ಕೂದಲು 2ರಿಂದ 6 ವರ್ಷ ಬೆಳೆಯುತ್ತದೆ, ಆಮೇಲೆ ಸುಮಾರು 3 ತಿಂಗಳು ಸುಮ್ನೆ ಕೂತಿದ್ದು ಉದುರುತ್ತದೆ. ಜೋರು ಜ್ವರ ಬಂದರೆ, ಊಟ ಬಿಟ್ಟು ತೂಕ ಇಳಿಸಿದರೆ, ತುಂಬಾ ಕೂದಲು ಒಟ್ಟಿಗೇ ಆ ಕೂರುವ ಹಂತಕ್ಕೆ ಹೋಗುತ್ತವೆ. ಆದರೆ ಉದುರೋದು ಆವತ್ತಲ್ಲ, 2-3 ತಿಂಗಳು ಬಿಟ್ಟು! ನನಗೆ ಆಗಸ್ಟ್‌ನಲ್ಲಿ ಡೆಂಗಿ ಬಂತು. ನವೆಂಬರ್‌ನಲ್ಲಿ ಬಚ್ಚಲ ಜಾಲರಿ ಮುಚ್ಚುವಷ್ಟು ಕೂದಲು. ಡಿಸೆಂಬರ್‌ನಿಂದ ದಿನಾ ಕರಿಬೇವಿನ ಚಟ್ನಿ, ಬೆಳಗ್ಗೆ ನೆಲ್ಲಿಕಾಯಿ. ಫೆಬ್ರವರಿಗೆ ಉದುರೋದು ನಿಂತೇಹೋಯಿತು. "ನೋಡಿದ್ಯಾ, ನಾನು ಹೇಳಿರ್ಲಿಲ್ವಾ" ಅಂದರು ಅಮ್ಮ. ನಾನೂ ನಂಬಿದೆ. ಈಗ ಕ್ಯಾಲೆಂಡರ್ ಹಿಡಿದು ಎಣಿಸಿದರೆ, ಜ್ವರದಿಂದ ಶುರುವಾದ ಉದುರುವಿಕೆ ಚಟ್ನಿ ತಿನ್ನದಿದ್ದರೂ ಹೆಚ್ಚುಕಡಿಮೆ ಆ ಹೊತ್ತಿಗೇ ನಿಲ್ಲಬೇಕಿತ್ತು. ಅದೇ ಸಮಯದಲ್ಲಿ ಹಣೆಯ ಎರಡು ಮೂಲೆ ಮಾತ್ರ ಇನ್ನಷ್ಟು ಹಿಂದೆ ಹೋಗಿದ್ದವು. ಜ್ವರದ ಉದುರುವಿಕೆ ಒಂದು, ವಂಶದ ಬೋಳು ಇನ್ನೊಂದು: ಎರಡೂ ಬೇರೆ ಬೇರೆ ಕಾಯಿಲೆ, ಒಂದೇ ತಲೆಯಲ್ಲಿ. ಇದು ಹೊಳೆದ ಮೇಲೆ ಉಳಿದದ್ದೆಲ್ಲ ಸಲೀಸಾಯಿತು.

ಉದುರಿದ ಕೂದಲನ್ನು ಬೆಳಕಿಗೆ ಹಿಡಿದು ನೋಡಿ. ತುದಿಯಲ್ಲಿ ಸಾಸಿವೆಗಿಂತ ಚಿಕ್ಕ ಬಿಳಿ ಗುಂಡು ಇರುತ್ತದೆ. ಬುಡವೇ ಕಿತ್ತು ಬಂತು ಅಂತ ಹೆದರಬೇಡಿ, ಬುಡ ಚರ್ಮದೊಳಗೇ ಇದೆ.

ಹಾಗಾದರೆ ಊಟ ಏನು ಮಾಡುತ್ತೆ? ಡಿಎಚ್‌ಟಿ ಮಾಡೋ ಕೆಲಸವನ್ನು ಅದು ನಿಲ್ಲಿಸುವುದಿಲ್ಲ. ಅದರ ಮೇಲೆ ಎರಡನೇ ಹೊಡೆತ ಬೀಳದಂತೆ ನೋಡಿಕೊಳ್ಳುತ್ತದೆ, ಮೊದಲೇ ತೆಳುವಾಗುತ್ತಿರುವ ತಲೆಗೆ ಇದೂ ದೊಡ್ಡದೇ. ಬೇಳೆ, ಕಾಳು, ಮೊಟ್ಟೆ, ಮೀನು ಸಾಕಷ್ಟಿರಲಿ. ಸೊಪ್ಪಿನ ಬಸ್ಸಾರಿಗೆ ನಿಂಬೆ ಹಿಂಡಿದರೆ ಕಬ್ಬಿಣದ ಅಂಶ ಚೆನ್ನಾಗಿ ಹಿಡಿಯುತ್ತದೆ, ಊಟದ ಜೊತೆಗೇ ಕಾಫಿ ಟೀ ಕುಡಿದರೆ ಕಡಿಮೆಯಾಗುತ್ತದೆ. ಬರೀ ಸಸ್ಯಾಹಾರ ತಿನ್ನುವವರು ಬಿ12 ನೋಡಿಸಿಕೊಳ್ಳಿ.

ಕುಂಬಳಬೀಜದ ಎಣ್ಣೆ ಬಗ್ಗೆ ಎಲ್ಲರೂ ಕೇಳುತ್ತಾರೆ. ಕೊರಿಯಾದಲ್ಲಿ 76 ಗಂಡಸರ ಮೇಲೆ ಒಂದು ಪ್ರಯೋಗ ನಡೆದು, 2014ರಲ್ಲಿ ಪ್ರಕಟವಾಯಿತು. ದಿನಕ್ಕೆ 400 ಮಿಲಿಗ್ರಾಂ, 24 ವಾರ. ತಿಂದವರಲ್ಲಿ ಕೂದಲ ಸಂಖ್ಯೆ ಸರಾಸರಿ 40%, ಹೋಲಿಕೆಗೆ ಎಣ್ಣೆ ಇಲ್ಲದ ಹುಸಿ ಗುಳಿಗೆ ನುಂಗಿದವರಲ್ಲಿ 10% ಹೆಚ್ಚಿತ್ತು. ಆದರೆ ಆ ಕ್ಯಾಪ್ಸೂಲಿನಲ್ಲಿ ಬೇರೆ ಪದಾರ್ಥಗಳೂ ಇದ್ದವು. ಅಷ್ಟು ಚಿಕ್ಕ ಪ್ರಯೋಗ ನಂಬಿ ನಾನು ದುಡ್ಡು ಹಾಕಲ್ಲ.

ಬಯೋಟಿನ್ ಅನ್ನುವ ಬಿ ವಿಟಮಿನ್‌ನ ಕೊರತೆ ಇಲ್ಲದವರಿಗೆ ಅದರ ಮಾತ್ರೆಯಿಂದ ಲಾಭವಿದೆ ಅನ್ನೋದಕ್ಕೆ ಗಟ್ಟಿ ಆಧಾರವಿಲ್ಲ. ಜಾಸ್ತಿ ನುಂಗಿದರೆ ಥೈರಾಯ್ಡ್ ಮತ್ತು ಹೃದಯದ ರಕ್ತಪರೀಕ್ಷೆಯ ಫಲಿತಾಂಶ ತಪ್ಪಾಗಬಹುದು, ಪರೀಕ್ಷೆಗೆ ಹೋಗುವಾಗ ಹೇಳಿಬಿಡಿ. ವಿಟಮಿನ್ ಎ, ಸೆಲೆನಿಯಮ್ ಅತಿಯಾದರೆ ಕೂದಲೇ ಉದುರುತ್ತದೆ.

ಬೋಳಾಗುವುದನ್ನು ನಿಜವಾಗಿ ಮುಂದೂಡುವುದು ಮಿನಾಕ್ಸಿಡಿಲ್, ಫಿನಾಸ್ಟರೈಡ್ ಅನ್ನುವ ಔಷಧಿಗಳು. ಅದನ್ನು ಚರ್ಮದ ಡಾಕ್ಟರ ಹತ್ತಿರವೇ ಮಾತಾಡಿ. ಹೋಗುವಾಗ ನಾನು ಪ್ರತಿ ತಿಂಗಳ 1ನೇ ತಾರೀಕು ಅದೇ ಕಿಟಕಿ ಬೆಳಕಲ್ಲಿ ತೆಗೆದ ಫೋಟೊಗಳನ್ನೂ, ಜ್ವರ ಬಂದ ತಾರೀಕನ್ನೂ ಒಯ್ಯುತ್ತೇನೆ.