ಯಕ್ಷಗಾನದ ಮಾತು ಮರೆಯದ ಮಗ ವಿಜ್ಞಾನ ಯಾಕೆ ಮರೆಯುತ್ತಾನೆ?

ಪ್ರಶ್ನೆ: ನನ್ನ ಮಗ ಒಂಬತ್ತನೇ ತರಗತಿ. ಯಕ್ಷಗಾನದ ಹೆಜ್ಜೆ, ಮಾತು ಎಲ್ಲ ಬೇಗ ಕಲಿಯುತ್ತಾನೆ, ಮರೆಯುವುದೂ ಇಲ್ಲ. ವಿಜ್ಞಾನ ಮಾತ್ರ ಎಷ್ಟು ಸಲ ಓದಿದರೂ ವಾರದೊಳಗೆ ತಲೆಯಿಂದ ಹೋಗಿರುತ್ತದೆ. ‘ಅವನದು ಬಲ ಮೆದುಳು, ಕಲೆಗೇ ಸರಿ’ ಅಂತಾರೆ ನೆಂಟರು. ಹೌದಾ? ಯಕ್ಷಗಾನ ಬಿಡಿಸಬೇಕಾ? (ಹೊನ್ನಾವರದ ಓದುಗರೊಬ್ಬರು)

ಬಿಡಿಸಬೇಡಿ. ಬಿಡುವುದಾದರೆ ನೆಂಟರ ಆ ಮಾತನ್ನು ಬಿಡಿ.

ಎಡ ಮೆದುಳಿನವರು ಲೆಕ್ಕ-ವಿಜ್ಞಾನಕ್ಕೆ, ಬಲ ಮೆದುಳಿನವರು ಕಲೆಗೆ ಎನ್ನುವ ಈ ಎಡ-ಬಲದ ಕಥೆಗೆ ಒಂದು ಮೂಲ ಇದೆ. ಮೂರ್ಛೆರೋಗದ ಚಿಕಿತ್ಸೆಗಾಗಿ ಮೆದುಳಿನ ಎರಡು ಭಾಗಗಳ ನಡುವಿನ ನರಗಳ ಕಟ್ಟನ್ನು ಕತ್ತರಿಸಿದ್ದ ರೋಗಿಗಳನ್ನು ಅಮೆರಿಕದ ವಿಜ್ಞಾನಿ ರೋಜರ್ ಸ್ಪೆರ್ರಿ ಪರೀಕ್ಷಿಸಿದರು. ಅದಕ್ಕೆ 1981ರಲ್ಲಿ ನೊಬೆಲ್ ಬಂತು. ಕೆಲವು ಕೆಲಸ ಒಂದು ಕಡೆ ಜಾಸ್ತಿ ನಡೆಯುವುದು ನಿಜ. ಮಾತು ಹೆಚ್ಚಿನವರಲ್ಲಿ ಎಡಗಡೆ. ಆದರೆ ‘ಎಡದವರು’, ‘ಬಲದವರು’ ಅಂತ ಎರಡು ಜಾತಿ ಮಾಡಿದ್ದು ಆಮೇಲಿನವರು. 2013ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು 1,011 ಜನರ ಮೆದುಳಿನ ಸ್ಕ್ಯಾನ್ ನೋಡಿದರು. ಅಂಥ ಜಾತಿ ಕಾಣಲಿಲ್ಲ.

ಹೆಜ್ಜೆಯ ನೆನಪು ಮಾತ್ರ ಸ್ವಲ್ಪ ಬೇರೆ ಬಗೆಯದು. ಹೆನ್ರಿ ಮೊಲೈಸನ್ ಎಂಬವರಿಗೆ 1953ರಲ್ಲಿ ಶಸ್ತ್ರಚಿಕಿತ್ಸೆ ಮಾಡಿ, ಮೆದುಳಿನ ಹಿಪ್ಪೊಕ್ಯಾಂಪಸ್ ಎಂಬ ಭಾಗವನ್ನು ಬಹುಪಾಲು ತೆಗೆದರು. ಆಮೇಲೆ ಅವರಿಗೆ ಹೊಸ ಸಂಗತಿ ಯಾವುದೂ ನೆನಪಿನಲ್ಲಿ ನಿಲ್ಲಲಿಲ್ಲ. ಆದರೂ ಕನ್ನಡಿಯಲ್ಲಿ ನೋಡಿಕೊಂಡು ಚಿತ್ರದ ಗೆರೆ ಎಳೆಯುವುದರಲ್ಲಿ ದಿನದಿಂದ ದಿನಕ್ಕೆ ಪಳಗಿದರು. ನಿನ್ನೆ ಎಳೆದದ್ದೇ ನೆನಪಿರಲಿಲ್ಲ, ಕೈಗೆ ಮಾತ್ರ ಗೊತ್ತಿತ್ತು!

ಸರಿ, ಹೆಜ್ಜೆ ಬೇರೆ ಅಂತಿಟ್ಟುಕೊಳ್ಳೋಣ. ಆದರೆ ನಿಮ್ಮ ಮಗನಿಗೆ ಪ್ರಸಂಗದ ಕಥೆ, ಮಾತು ಕೂಡ ನೆನಪಿರುತ್ತದಲ್ವಾ? ಅದೂ ಪಾಠದ ಹಾಗೆ ಹಿಪ್ಪೊಕ್ಯಾಂಪಸ್ ಮೂಲಕವೇ ಹೋಗಬೇಕು. ಅಂದರೆ ಮೆದುಳು ಚೆನ್ನಾಗೇ ಇದೆ. ವ್ಯತ್ಯಾಸ ಇರುವುದು ಕಲಿಯುವ ಕ್ರಮದಲ್ಲಿ.

ಯಕ್ಷಗಾನ ಕಲಿಸುವಲ್ಲಿ ಒಮ್ಮೆ ಹೋಗಿ ಕುಳಿತು ನೋಡಿ. ಗುರುಗಳು ಬಾಯಿತಾಳ ಹೇಳುತ್ತಾರೆ, ಹುಡುಗ ಕುಣಿಯಬೇಕು. ತಪ್ಪಿದರೆ ಅಲ್ಲೇ ನಿಲ್ಲಿಸಿ ಮತ್ತೆ ಹೇಳುತ್ತಾರೆ. ಮಾತೂ ಹಾಗೇ, ಪುಸ್ತಕ ನೋಡದೆ ಎದುರು ಪಾತ್ರಧಾರಿಗೆ ಉತ್ತರ ಕೊಡಬೇಕು. ಹಿಂದಿನ ವಾರದ್ದನ್ನು ಮಾಡಿ ತೋರಿಸಿದ ಮೇಲೇ ಹೊಸದು. ‘ನಾಲ್ಕು ಸಲ ಓದಿಕೊಂಡು ಬಾ’ ಅಂತ ಅಲ್ಲಿ ಯಾರೂ ಬಿಡುವುದಿಲ್ಲ.

ವಿಜ್ಞಾನಕ್ಕೆ ಮನೆಯಲ್ಲಿ ಮಾಡುವುದು ಬರೀ ಓದು. ಇದರ ಬಗ್ಗೆ ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಒಂದು ಬರಹವನ್ನು ಎರಡು ಸಲ ಓದಿಸಿದರು. ಇನ್ನೊಂದನ್ನು ಒಂದೇ ಸಲ ಓದಿಸಿ, ನೆನಪಿದ್ದದ್ದನ್ನು ನೋಡದೆ ಬರೆಯಿಸಿದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದ್ದೇ ಮೇಲು: ಶೇ 81, ಬರೆದದ್ದು ಶೇ 75. ವಾರ ಕಳೆದ ಮೇಲೆ ಲೆಕ್ಕ ತಿರುಗಿತು. ಓದಿದ್ದು ಶೇ 42ಕ್ಕೆ ಇಳಿದಿತ್ತು, ನೋಡದೆ ಬರೆದದ್ದು ಶೇ 56 ಉಳಿದಿತ್ತು. ಓದಿದ ಕೂಡಲೇ ‘ಎಲ್ಲ ಬಂತು’ ಅನ್ನಿಸುತ್ತದಲ್ಲ, ಮೋಸ ಇರುವುದು ಅಲ್ಲೇ.

ನೆನಪಿನಿಂದ ಹೊರಗೆ ತೆಗೆದಷ್ಟೂ ಅದು ಗಟ್ಟಿಯಾಗುತ್ತದೆ. ಹಾಗಾಗಿ ಪಾಠ ಒಮ್ಮೆ ಓದಿದ ಮೇಲೆ ಪುಸ್ತಕ ಮುಚ್ಚಿಸಿ, ಹೇಳಿಸಿ ಅಥವಾ ಬರೆಯಿಸಿ. ಆಮೇಲೆ ಪುಸ್ತಕ ತೆರೆದು ತಪ್ಪು ತಿದ್ದಿಕೊಳ್ಳಲಿ. ಎರಡು ದಿನ ಬಿಟ್ಟು ಮತ್ತೆ ಕೇಳಿ, ವಾರ ಬಿಟ್ಟು ಇನ್ನೊಮ್ಮೆ. ಶಿಕ್ಷಕರಾದರೆ ತರಗತಿಯ ಮೊದಲ ಐದು ನಿಮಿಷ ಇದಕ್ಕೆ ಇಡಬಹುದು. ಅಂಕ ಕೊಡಬೇಕೆಂದಿಲ್ಲ.

ಗೊತ್ತಿರುವುದಕ್ಕೆ ಅಂಟಿಸಿದರೆ ಹೊಸದು ಬೇಗ ಹಿಡಿಯುತ್ತದೆ. ಅಭಿಸರಣೆಯ (ತೆಳು ಪೊರೆ ದಾಟಿ ಉಪ್ಪು ಹೆಚ್ಚಿರುವ ಕಡೆಗೆ ನೀರು ಹೋಗುವುದು, ಆಸ್ಮೋಸಿಸ್) ಪಾಠಕ್ಕೆ ಮೊದಲು ಅಪ್ಪೆಮಿಡಿಯ ಭರಣಿ ತೋರಿಸಿ. ಉಪ್ಪು ಮಾತ್ರ ಹಾಕಿದ್ದೆವು, ಇಷ್ಟು ನೀರು ಎಲ್ಲಿಂದ ಬಂತು? ಮಿಡಿ ಯಾಕೆ ಮುರುಟಿತು? ಉತ್ತರ ತಪ್ಪಾದರೂ ಮೊದಲು ಅವನೇ ಹೇಳಲಿ, ಪಾಠ ಆಮೇಲೆ.

ಶುರುವಿನಲ್ಲಿ ‘ಏನೂ ನೆನಪಾಗ್ತಾ ಇಲ್ಲ’ ಅಂತ ಗೊಣಗುತ್ತಾನೆ. ತಡವರಿಸುವುದು ಸಹಜ, ಉತ್ತರ ಹೇಳಿಕೊಡಲು ಅವಸರ ಮಾಡಬೇಡಿ. ಯಕ್ಷಗಾನದ ವಿಷಯದಲ್ಲಿ ಒಂದೇ ಷರತ್ತು: ಪರೀಕ್ಷೆಯ ಹಿಂದಿನ ರಾತ್ರಿ ಆಟ ನೋಡಲು ಕಳಿಸಬೇಡಿ. ದಿನದಲ್ಲಿ ಕಲಿತದ್ದನ್ನು ಮೆದುಳು ಗಟ್ಟಿ ಮಾಡಿಕೊಳ್ಳುವುದು ನಿದ್ದೆಯಲ್ಲಿ.