ಕಡಲಿನ ನಕ್ಷೆ ಕೇಳಿದರೆ ಪಿಡಿಎಫ್ ಕೊಡುತ್ತಾರೆ

ತುಮಕೂರಿನಲ್ಲಿ ಕೆಪಿಎಸ್‌ಸಿ ಪರೀಕ್ಷೆಗೆ ಓದುತ್ತಿರುವ ಯಾರನ್ನಾದರೂ ಭಾರತದ ಕರಾವಳಿ ಎಷ್ಟು ಉದ್ದ ಅಂತ ಕೇಳಿ. ತಡವಿಲ್ಲದೆ 7,516 ಕಿಲೋಮೀಟರ್ ಅನ್ನುತ್ತಾರೆ. ಆ ಉತ್ತರ ಹಳೆಯದಾಯಿತು. ಕೇಂದ್ರ ಗೃಹ ಸಚಿವಾಲಯದ 2023-24ರ ವಾರ್ಷಿಕ ವರದಿಯ ಪ್ರಕಾರ ಅದು 11,098 ಕಿಲೋಮೀಟರ್. ಕರ್ನಾಟಕದ ಲೆಕ್ಕ 280ರಿಂದ 343ಕ್ಕೆ ಏರಿದೆ. ನಾವು ಶಾಲೆಯಲ್ಲಿ ಓದಿದ 320 ಈ ಎರಡರಲ್ಲೂ ಇಲ್ಲ. ಅದು ಬೇರೆಯೇ ಲೆಕ್ಕ.

ಕಡಲೇನೂ ಬೆಳೆಯಲಿಲ್ಲ. ಹಳೆಯ ಅಳತೆ ಹಿಡಿದದ್ದು 1:45,00,000 ಪ್ರಮಾಣದ ನಕ್ಷೆಯ ಮೇಲೆ. ಅಲ್ಲಿ ಒಂದು ಮಿಲಿಮೀಟರ್ ಅಂದರೆ ನೆಲದ ಮೇಲೆ ನಾಲ್ಕೂವರೆ ಕಿಲೋಮೀಟರ್. ಹೊಳೆಬಾಯಿ, ಕೊಲ್ಲಿ, ಹೊಳೆ ನಡುವಿನ ಸಣ್ಣ ಕುದ್ರು (ನಡುಗಡ್ಡೆ) ಎಲ್ಲವೂ ಪೆನ್ಸಿಲ್ ಮೊನೆಯಡಿ ಮುಚ್ಚಿಹೋಗುತ್ತವೆ. ಹೊಸ ಅಳತೆ 1:2,50,000 ಪ್ರಮಾಣದ್ದು. ಅಂಕುಡೊಂಕು ಕಂಡಷ್ಟೂ ಉದ್ದ ಜಾಸ್ತಿ. ಅಂದರೆ ಯಾವ ನಕ್ಷೆಯಲ್ಲಿ ಅಳೆದದ್ದು ಅಂತ ಹೇಳದೆ ಕರಾವಳಿಯ ಉದ್ದ ಹೇಳಿದರೆ ಅದಕ್ಕೆ ಅರ್ಥವೇ ಇಲ್ಲ.

ನಾನು ಜಿಐಎಸ್ ಕೆಲಸ ಮಾಡುವವನು, ಕಂಪ್ಯೂಟರಿನಲ್ಲಿ ನಕ್ಷೆ ಕಟ್ಟುವುದು. ಆಫೀಸು ತುಮಕೂರಿನಲ್ಲಿ, ಕೆಲಸ ಜಾಸ್ತಿ ಬರುವುದು ಕರಾವಳಿಯಿಂದ. ಕಡಲೇ ಇಲ್ಲದ ಊರಲ್ಲಿ ಕೂತು ಕಡಲಿನ ನಕ್ಷೆಯೇ ಅಂತ ನಗುವವರಿದ್ದಾರೆ. ನಗಲಿ. ಹಡಗುಗಳಿಗೆ ದಾರಿ ತೋರಿಸುವ ಭಾರತದ ಅಧಿಕೃತ ನಕ್ಷೆಗಳು ತಯಾರಾಗುವುದು ಹಿಮಾಲಯದ ತಪ್ಪಲಿನ ಡೆಹ್ರಾಡೂನಿನಲ್ಲಿ. ಸುನಾಮಿ ಎಚ್ಚರಿಕೆ ಕೊಡುವ, ಮೀನು ಎಲ್ಲಿ ಸಿಗಬಹುದು ಅಂತ ಮೀನುಗಾರರಿಗೆ ಹೇಳುವ ಇನ್‌ಕಾಯಿಸ್ ಸಂಸ್ಥೆ ಇರುವುದು ಹೈದರಾಬಾದಿನಲ್ಲಿ. ಇನ್ನು ನಮ್ಮ ರೈಲ್ವೆ ಸ್ಟೇಷನ್ನಿನ ಹಳದಿ ಬೋರ್ಡು ನೋಡಿ. ಸಮುದ್ರ ಮಟ್ಟದಿಂದ ಎಷ್ಟು ಎತ್ತರ ಅಂತ ಬರೆದಿರುತ್ತದೆ. ಆ ಸಮುದ್ರ ಮಟ್ಟ ಎಲ್ಲಿಯದು? 1909ರ ಹೊತ್ತಿಗೆ ಒಂಬತ್ತು ಬಂದರುಗಳಲ್ಲಿ ವರ್ಷಗಟ್ಟಲೆ ಉಬ್ಬರ-ಇಳಿತ ಅಳೆದು ತೆಗೆದ ಸರಾಸರಿ. ಆ ಒಂಬತ್ತರಲ್ಲಿ ಕಾರವಾರವೂ ಒಂದು. ನಂದಿ ಬೆಟ್ಟದ 1,478 ಮೀಟರನ್ನೂ ಆ ಸರಾಸರಿಯ ಮೇಲೆಯೇ ಎಣಿಸಿದ್ದು.

ನಮ್ಮ ಕರಾವಳಿಯ ಮಾಹಿತಿ ಕಮ್ಮಿ ಇದೆ ಅನ್ನುವ ಮಾತು ಆಗಾಗ ಕೇಳುತ್ತೇನೆ. ಅದು ಅರ್ಧ ಸುಳ್ಳು. ಅಳೆದವರು ಬೇಕಾದಷ್ಟಿದ್ದಾರೆ. ಬಂದರಿನವರು ಆಳ ಅಳೆಯುತ್ತಾರೆ. ಅರಣ್ಯದವರ ಬಳಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಗಡಿ ಇದೆ. ಕಂದಾಯದವರ ಬಳಿ ಸರ್ವೆ ನಂಬರ್ ಇದೆ, ಮೀನುಗಾರಿಕೆಯವರ ಬಳಿ ಬೋಟಿನ ಲೆಕ್ಕ ಇದೆ. ಒಬ್ಬರು ಅಳೆದದ್ದು ಇನ್ನೊಬ್ಬರಿಗೆ ಸಿಗುವುದಿಲ್ಲ. ಸಿಕ್ಕರೂ ಒಂದು ಇನ್ನೊಂದರ ಜೊತೆ ಕೂಡುವುದಿಲ್ಲ. ಈ ಎರಡನೆಯದೇ ದೊಡ್ಡ ತಲೆನೋವು. ಅದರ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ.

ಕಡಲ ದಂಡೆಯ ಮನೆಯ ವಿಷಯವನ್ನೇ ತಗೊಳ್ಳಿ. ಅಲ್ಲಿ ಏನು ಕಟ್ಟಬೇಕಾದರೂ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ ನೋಡಬೇಕು. 1991ರಲ್ಲಿ ಬಂದದ್ದು, 2011ರಲ್ಲಿ ಬದಲಾಯಿತು, 2019ರಲ್ಲಿ ಮತ್ತೆ ಬದಲಾಯಿತು. ಈಗಿನ ನಿಯಮದಲ್ಲಿ, ಚದರ ಕಿಲೋಮೀಟರಿಗೆ 2,161ಕ್ಕಿಂತ ಜಾಸ್ತಿ ಜನ ಇರುವ ಹಳ್ಳಿಗಳಲ್ಲಿ ಉಬ್ಬರದ ಗೆರೆಯಿಂದ 50 ಮೀಟರಿನೊಳಗೆ ಸಾಮಾನ್ಯವಾಗಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. ಜನ ಅಷ್ಟಿಲ್ಲದ ಕಡೆ ಅದು 200 ಮೀಟರ್. ಹಾಗಾಗಿ ಗೆರೆ ಎಲ್ಲಿದೆ ಅನ್ನುವುದೇ ಎಲ್ಲ.

ಆ ಗೆರೆ ಇರುವ ನಕ್ಷೆ 1:25,000 ಪ್ರಮಾಣದ್ದು. ಜನರ ಕೈಗೆ ಸಿಗುವುದು ಅದರ ಪಿಡಿಎಫ್. ಅದು ಬರೀ ಚಿತ್ರ. ನಾವು ಅದನ್ನು ಕಂಪ್ಯೂಟರಿನಲ್ಲಿ ಸರಿಯಾದ ಜಾಗಕ್ಕೆ ಕೂರಿಸಿ, ಮೌಸ್ ಹಿಡಿದು ಗೆರೆಯ ಮೇಲೆ ಮತ್ತೆ ಗೆರೆ ಎಳೆಯಬೇಕು. ಚಿತ್ರದಲ್ಲಿ ಗೆರೆಯ ದಪ್ಪ ಅರ್ಧ ಮಿಲಿಮೀಟರ್ ಅಂದುಕೊಳ್ಳಿ. ನೆಲದ ಮೇಲೆ ಅದು ಹನ್ನೆರಡೂವರೆ ಮೀಟರ್! ಗೆರೆಯ ಯಾವ ಅಂಚು ಹಿಡಿದೆ ಅನ್ನುವುದರ ಮೇಲೆ ಒಬ್ಬ ಮೀನುಗಾರನ ಮನೆ 50 ಮೀಟರಿನ ಒಳಗೂ ಬೀಳಬಹುದು, ಹೊರಗೂ ಬೀಳಬಹುದು. ತಮಾಷೆ ಏನೆಂದರೆ, ಗೆರೆಯನ್ನು ಮೊದಲು ಎಳೆದವರ ಬಳಿ ಅದು ಚಿತ್ರವಾಗಿ ಇರಲೇ ಇಲ್ಲ. ಅಕ್ಷಾಂಶ-ರೇಖಾಂಶ ಸಮೇತ ಫೈಲಾಗಿಯೇ ಇತ್ತು. ಪಿಡಿಎಫ್ ಮಾಡಿ ಅದರ ಜೀವ ತೆಗೆದರು. ಮತ್ತೆ ಜೀವ ತುಂಬಲು ನಾವು ದುಡ್ಡು ತಗೊಳ್ಳುತ್ತೇವೆ. ನಮ್ಮಂಥ ಆಫೀಸುಗಳ ಸಂಪಾದನೆಯಲ್ಲಿ ಇದೂ ಒಂದು ಪಾಲು, ಮುಚ್ಚಿಡುವುದೇಕೆ?

ಸರ್ವೆ ನಂಬರ್ ಮಟ್ಟದ 1:4,000 ನಕ್ಷೆಗೂ ನಿಯಮದಲ್ಲಿ ಜಾಗವಿದೆ. ಅಲ್ಲಿ ಅದೇ ಗೆರೆಯ ದಪ್ಪ ಎರಡು ಮೀಟರಿಗೆ ಇಳಿಯುತ್ತದೆ. ಆದರೆ ಪೇಚು ಬೇರೆ. ಹಳ್ಳಿಯ ಕಂದಾಯ ನಕ್ಷೆ ಸರಪಳಿ ಹಿಡಿದು ಅಳೆದದ್ದು, ಅದಕ್ಕೆ ಅಕ್ಷಾಂಶ-ರೇಖಾಂಶ ಗೊತ್ತಿಲ್ಲ. ಉಪಗ್ರಹ ಚಿತ್ರದ ಮೇಲೆ ಇಟ್ಟರೆ ಒಂದು ಮೂಲೆ ಕೂರುತ್ತದೆ, ಇನ್ನೊಂದು ಏಳುತ್ತದೆ. ನಮ್ಮ ಜಿಲ್ಲೆಯಲ್ಲಿ ಕೆರೆ ಒತ್ತುವರಿ ಅಳೆಯಲು ಹೋದವರಿಗೆ ಈ ಗೋಳು ಹೊಸದಲ್ಲ. ಹಳೇ ಟೋಪೋಶೀಟಿನದು, ಅಂದರೆ ಸರ್ವೆ ಆಫ್ ಇಂಡಿಯಾದ ನೆಲನಕ್ಷೆಯದು, ಇನ್ನೊಂದು ಕತೆ. ಭೂಮಿಯ ಆಕಾರವನ್ನು ಲೆಕ್ಕಕ್ಕೆ ಹಿಡಿಯುವ ಕ್ರಮ ಒಂದೇ ಅಲ್ಲ. ಅದರ ಅಕ್ಷಾಂಶ ಎವರೆಸ್ಟ್ ಲೆಕ್ಕದ್ದು, ಮೊಬೈಲಿನ ಜಿಪಿಎಸ್ ಕೊಡುವುದು ಡಬ್ಲ್ಯುಜಿಎಸ್-84 ಲೆಕ್ಕದ್ದು. ಅಂಕಿ ನೋಡಿದರೆ ಎರಡೂ ಒಂದೇ ಥರ. ಜಾಗ ಮಾತ್ರ ನೂರು ಮೀಟರಿಗೂ ಜಾಸ್ತಿ ಸರಿದಿರುತ್ತದೆ.

ಎತ್ತರ-ಆಳದ ಪಾಡು ಇದಕ್ಕಿಂತ ಕಷ್ಟ. ನೆಲದ ನಕ್ಷೆ ಎತ್ತರ ಎಣಿಸುವುದು ಸರಾಸರಿ ಸಮುದ್ರ ಮಟ್ಟದಿಂದ. ಕಡಲಿನ ನಕ್ಷೆ ಆಳ ಎಣಿಸುವುದು ಇಳಿತದಲ್ಲಿ ನೀರು ತೀರಾ ಕೆಳಗಿಳಿದಾಗಿನ ಮಟ್ಟದಿಂದ. ಹಡಗಿನವರಿಗೆ ಅದೇ ಸರಿ, ಕನಿಷ್ಠ ಎಷ್ಟು ನೀರಿರುತ್ತದೆ ಅನ್ನುವುದೇ ಅವರಿಗೆ ಬೇಕು. ನಮ್ಮ ಕರಾವಳಿಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ಒಂದೂವರೆ-ಎರಡು ಮೀಟರ್ ವ್ಯತ್ಯಾಸ. ಹಾಗಾಗಿ ಈ ಎರಡು ಸೊನ್ನೆಗಳ ನಡುವೆ ಸುಮಾರು ಒಂದು ಮೀಟರ್ ಅಂತರ.

ಇದನ್ನೆಲ್ಲ ತುಮಕೂರಿನವರು ಯಾಕೆ ತಲೆಗೆ ಹಚ್ಚಿಕೊಳ್ಳಬೇಕು? ಎತ್ತಿನಹೊಳೆಗಾಗಿ.

ಸಕಲೇಶಪುರದ ಹಳ್ಳಗಳ ಮಳೆಗಾಲದ ನೀರನ್ನು ಎತ್ತಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಗೆ ತರುವ ಯೋಜನೆ ಅದು. ಕಾಗದದ ಮೇಲೆ 24.01 ಟಿಎಂಸಿ. ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಚಾಲನೆ ಸಿಕ್ಕಿತು. ಆ ಹಳ್ಳಗಳಲ್ಲಿ ವರ್ಷಕ್ಕೆ ಸಿಗುವುದೇ ಸುಮಾರು 9.5 ಟಿಎಂಸಿ ಅಂತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಒಂದು ಅಧ್ಯಯನ ಹೇಳಿತ್ತು. ಇಷ್ಟು ಅಂತರ ಹೇಗೆ ಬರುತ್ತದೆ? ಯಾವ ಕೇಂದ್ರದ ಮಳೆ ತಗೊಂಡರು, ಯಾವ ವರ್ಷಗಳದ್ದು, ಎಷ್ಟು ವಿಸ್ತೀರ್ಣಕ್ಕೆ ಅನ್ವಯಿಸಿದರು ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಎರಡೂ ಕಡೆಯ ಮೂಲ ಅಂಕಿಗಳನ್ನು ಒಂದೇ ಮೇಜಿನ ಮೇಲೆ ಬಿಡಿಸಿಟ್ಟಿದ್ದರೆ ಈ ಜಗಳ ಇಷ್ಟು ಎಳೆಯುತ್ತಿರಲಿಲ್ಲ ಅಂತ ನನ್ನ ಅನಿಸಿಕೆ.

ಆ ನೀರು ಗುಂಡ್ಯ ಹೊಳೆಗೆ, ಅಲ್ಲಿಂದ ಕುಮಾರಧಾರೆಗೆ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ, ಕೊನೆಗೆ ಮಂಗಳೂರಿನ ಅಳಿವೆಗೆ ಹೋಗುತ್ತದೆ. ಅಳಿವೆ ಅಂದರೆ ಹೊಳೆ ಕಡಲು ಸೇರುವ ಬಾಯಿ. ಮೇಲಿಂದ ನೀರು ಕಮ್ಮಿಯಾದರೆ ಅಳಿವೆಯ ಮರಳು, ಉಪ್ಪು, ಮೀನು ಏನಾಗುತ್ತವೆ ಅಂತ ಅಲ್ಲಿಯವರು ಕೇಳುತ್ತಾರೆ. ಸುಮ್ನೆ ಸಮುದ್ರಕ್ಕೆ ಹೋಗೋ ನೀರು ತಾನೇ ಅಂತ ಇಲ್ಲಿಯವರು ಹೇಳುತ್ತೇವೆ. ಯಾರ ಮಾತು ಎಷ್ಟು ಸರಿ ಅಂತ ಲೆಕ್ಕ ಹಾಕಿ ನೋಡಬಹುದು. ಅದಕ್ಕೆ ಏನೇನು ಬೇಕು? ಹೊಳೆಯ ಹರಿವು ಬೇಕು, ಅದು ಕೇಂದ್ರ ಜಲ ಆಯೋಗದ ಬಂಟ್ವಾಳ ಕೇಂದ್ರದಲ್ಲಿ ಅಳೆದದ್ದು. ಉಬ್ಬರ-ಇಳಿತದ ದಾಖಲೆ ಸರ್ವೆ ಆಫ್ ಇಂಡಿಯಾದ್ದು. ಅಳಿವೆಯ ಆಳ ಬಂದರಿನವರದ್ದು, ಹೂಳೆತ್ತುವ ಮೊದಲು ಮತ್ತು ಆಮೇಲೆ ಅಳೆದದ್ದು. ಉಪ್ಪಿನ ಅಂಕಿ ಯಾವುದೋ ಪಿಎಚ್‌ಡಿ ಪ್ರಬಂಧದ ಕೊನೆಯ ಪುಟಗಳಲ್ಲಿ. ಹೊಳೆಯ ಮಟ್ಟಕ್ಕೆ ಒಂದು ಸೊನ್ನೆ, ಬಂದರಿನ ಆಳಕ್ಕೆ ಇನ್ನೊಂದು ಸೊನ್ನೆ. ಎರಡನ್ನೂ ಹಾಗೆಯೇ ಜೋಡಿಸಿದರೆ ಅಳಿವೆಯ ಬಾಯಲ್ಲಿ ಇಲ್ಲದ ಒಂದು ಮೀಟರ್ ಮೆಟ್ಟಿಲು ಹುಟ್ಟುತ್ತದೆ. ಕಂಪ್ಯೂಟರಿಗೆ ಪಾಪ ಏನು ಗೊತ್ತು? ಆ ಮೆಟ್ಟಿಲನ್ನು ನಂಬಿ ನೀರು ಹರಿಸುತ್ತದೆ. ಬಣ್ಣಬಣ್ಣದ ಚಿತ್ರ ಬರುತ್ತದೆ, ನೋಡಲು ಚೆನ್ನಾಗಿಯೇ ಇರುತ್ತದೆ.

ಮಳೆಗಾಲದ ನೀರನ್ನಷ್ಟೇ ತೆಗೆಯುವುದರಿಂದ ಬೇಸಿಗೆಯಲ್ಲಿ ಅಳಿವೆಯಿಂದ ಹೊಳೆಗೆ ಏರುವ ಉಪ್ಪಿಗೂ ಯೋಜನೆಗೂ ಸಂಬಂಧವಿಲ್ಲ ಅನ್ನುವ ವಾದವಿದೆ. ಇರಬಹುದು. ಆದರೆ ಹೊಳೆಯೊಳಗೆ ಎಲ್ಲಿಯವರೆಗೆ ಸಿಆರ್‌ಝಡ್ ಅನ್ವಯ ಅನ್ನುವುದು ನಿಂತಿರುವುದೇ ಕಡುಬೇಸಿಗೆಯಲ್ಲಿ ನೀರಿನ ಉಪ್ಪು ಸಾವಿರಕ್ಕೆ 5 ಪಾಲು ಇರುವ ಜಾಗದ ಮೇಲೆ. ಅದನ್ನು ಯಾವ ವರ್ಷದ ಬೇಸಿಗೆಯಲ್ಲಿ ಅಳೆದರು, ಉಬ್ಬರದಲ್ಲೋ ಇಳಿತದಲ್ಲೋ ಅಂತ ನಕ್ಷೆಯ ಮೇಲೆ ಬರೆದಿರಬೇಕು ಅಲ್ವಾ?

ಯಾಕೆ ಹಂಚುವುದಿಲ್ಲ ಅಂದರೆ ಮೊದಲು ಬರುವ ಉತ್ತರ ದೇಶದ ಭದ್ರತೆ. ಕಾರವಾರದಲ್ಲಿ ನೌಕಾನೆಲೆ ಇದೆ, ಅದರ ಸುತ್ತಲಿನ ಆಳ ಬೀದಿಗೆ ಬರಬಾರದು, ಒಪ್ಪಿದೆ. ಆದರೆ ಮೀನುಗಾರಿಕೆ ಬಂದರಿನ ಅಳಿವೆಯಲ್ಲಿ ಮರಳು ಎಷ್ಟು ತುಂಬಿದೆ ಅನ್ನುವುದು ಯಾವ ಗುಟ್ಟು? ಬೋಟಿನ ತಳ ತಾಗಿಸಿಕೊಂಡವರಿಗೆಲ್ಲ ಅದು ಗೊತ್ತು. ನಿಯಮಗಳೂ ಸಡಿಲಾಗಿವೆ. ಸರ್ಕಾರಿ ದತ್ತಾಂಶ ಹಂಚಲು 2012ರಲ್ಲೇ ರಾಷ್ಟ್ರೀಯ ನೀತಿ ಬಂತು. 2021ರ ಫೆಬ್ರವರಿಯಲ್ಲಿ ನಕ್ಷೆ ಮಾಡಲು ಮೊದಲೇ ಅನುಮತಿ ಪಡೆಯುವ ಕಟ್ಟುಪಾಡು ಬಹುಪಾಲು ಹೋಯಿತು. 2022ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಜಿಯೋಸ್ಪೇಷಿಯಲ್ ನೀತಿ ಬಂತು. ನೀತಿಗೆ ಕೊರತೆ ಇಲ್ಲ.

ನನಗೆ ಕಂಡ ಕಾರಣ ಸಣ್ಣದು. ಫೈಲು ಕೊಟ್ಟ ಅಧಿಕಾರಿಗೆ ಏನೂ ಲಾಭವಿಲ್ಲ, ಹೆಚ್ಚುಕಮ್ಮಿಯಾದರೆ ನೋಟಿಸ್ ಗ್ಯಾರಂಟಿ. ಕೊಡದಿದ್ದರೆ ಯಾರೂ ಕೇಳುವುದಿಲ್ಲ. ಇದರ ಜೊತೆ ಟೆಂಡರ್. ಅಳೆಯುವ ಕೆಲಸ ಹೊರಗಿನವರಿಗೆ ಹೋಗುತ್ತದೆ. ಕರಾರಿನಲ್ಲಿ ವರದಿ ಐದು ಪ್ರತಿ ಅಂತಿರುತ್ತದೆ, ಮೂಲ ಫೈಲಿನ ಮಾತೇ ಇರುವುದಿಲ್ಲ. ಸ್ಪೈರಲ್ ಬೈಂಡಾದ ವರದಿ ಕಪಾಟು ಸೇರುತ್ತದೆ, ಫೈಲು ಕನ್ಸಲ್ಟೆಂಟರ ಲ್ಯಾಪ್‌ಟಾಪಿನಲ್ಲಿ ಉಳಿಯುತ್ತದೆ. ಕೆಲವು ವರ್ಷ ಕಳೆದ ಮೇಲೆ ಅದೇ ಜಾಗ ಅಳೆಯಲು ಇನ್ನೊಂದು ಟೆಂಡರ್. ಒಂದು ಕಚೇರಿ ನಮಗೆ ಆಳದ ಅಂಕಿಗಳನ್ನು ಮುದ್ರಿಸಿ, ಸೀಲು ಒತ್ತಿ, ಸ್ಕ್ಯಾನ್ ಮಾಡಿ ಕಳಿಸಿತ್ತು. ಸೀಲು ಸರಿಯಾಗಿ ಅಂಕಿಗಳ ಮೇಲೆಯೇ ಬಿದ್ದಿತ್ತು. ಅದರ ಕೆಳಗೆ ಎಷ್ಟು ಆಳವಿದೆಯೋ, ವರುಣದೇವನೇ ಬಲ್ಲ.

ಇನ್ನೊಂದು ಕಡೆ ನೋಡಿ. ಹಿಂದೂ ಮಹಾಸಾಗರದ ನಡುವೆ 2,000 ಮೀಟರ್ ಆಳದವರೆಗೆ ನೀರು ಎಷ್ಟು ಬಿಸಿ, ಎಷ್ಟು ಉಪ್ಪು ಅಂತ ತುಮಕೂರಿನಲ್ಲಿ ಕೂತೇ ನೋಡಬಹುದು. ಆರ್ಗೋ ಅನ್ನುವ ಸುಮಾರು 4,000 ತೇಲುಯಂತ್ರಗಳು ಲೋಕದ ಕಡಲುಗಳಲ್ಲಿ ಹತ್ತು ದಿನಕ್ಕೊಮ್ಮೆ ಮುಳುಗಿ ಎದ್ದು ಅಳತೆ ಕಳಿಸುತ್ತವೆ. ಒಂದು ದಿನದೊಳಗೆ ಅದು ಎಲ್ಲರಿಗೂ ಸಿಗುತ್ತದೆ. ಭಾರತವೂ ಇದರಲ್ಲಿ ಪಾಲುದಾರ, ನಮ್ಮ ಕಡೆಯ ಕೆಲಸ ನೋಡಿಕೊಳ್ಳುವುದು ಇನ್‌ಕಾಯಿಸ್. ನಡುಗಡಲಿನದು ಹೀಗೆ ಸಿಗುತ್ತದೆ. ದಡದಲ್ಲಿ ನಿಂತರೆ ಕಾಣುವ ಅಳಿವೆಯ ಆಳಕ್ಕೆ ಮಾತ್ರ ಪತ್ರ ಬರೆದು ಕಾಯಬೇಕು. ಕಾಯಲು ಪುರುಸೊತ್ತಿಲ್ಲದ ವಿದ್ಯಾರ್ಥಿಗಳು ಜೆಬ್ಕೋ ಅನ್ನುವ ಕಡಲಾಳದ ಜಾಗತಿಕ ನಕ್ಷೆ ಇಳಿಸಿಕೊಳ್ಳುತ್ತಾರೆ. ಪುಕ್ಕಟೆ. ಅದರಲ್ಲಿ ಒಂದು ಚೌಕ ಸುಮಾರು 450 ಮೀಟರ್. ಇಡೀ ಅಳಿವೆಯ ಬಾಯಿ ಒಂದೆರಡು ಚೌಕದಲ್ಲಿ ಮುಗಿದುಹೋಗುತ್ತದೆ.

ಫೈಲಿನ ಜೊತೆ ಒಂದು ಪುಟ ಕೊಟ್ಟರೆ ಅರ್ಧ ಕಷ್ಟ ತೀರುತ್ತದೆ. ನಮ್ಮ ಜಮೀನಿನ ಹಳೇ ಸರ್ವೆ ಟಿಪ್ಪಣಿ ಇದ್ದ ಹಾಗೆ. ಯಾವ ಕಲ್ಲಿನಿಂದ ಯಾವ ಕಲ್ಲಿಗೆ ಎಷ್ಟು ಸರಪಳಿ ಅಂತ ಅದರಲ್ಲಿ ಇರುವುದರಿಂದಲೇ ನೂರು ವರ್ಷದ ಮೇಲೂ ಹದ್ದುಬಸ್ತು ಮಾಡಿಸಲು ಆಗುತ್ತದೆ. ಕಡಲಿನ ಫೈಲಿಗೂ ಅಷ್ಟೇ ಸಾಕು. ಯಾವ ದಿನ, ಎಷ್ಟು ಗಂಟೆಗೆ ಅಳೆದದ್ದು. ಆಳದ ಸೊನ್ನೆ ಯಾವುದು. ಅಕ್ಷಾಂಶ ಯಾವ ಲೆಕ್ಕದ್ದು. ಯಾವ ಯಂತ್ರ, ಯಾವ ಪ್ರಮಾಣ. ಇದು ನೂರು ಕೋಟಿಯ ಪೋರ್ಟಲ್ ಅಲ್ಲ, ಅಳೆದವರು ಅವತ್ತೇ ಕೂತು ಬರೆದರೆ ಹತ್ತು ನಿಮಿಷದ ಕೆಲಸ. ಪೋರ್ಟಲ್‌ಗಳಿಗೆ ನನ್ನ ವಿರೋಧವಿಲ್ಲ. ಉದ್ಘಾಟನೆಯಾದ ಮೇಲೆ ಹೊಸ ಅಂಕಿ ಹಾಕುವವರು ಯಾರು ಅನ್ನುವುದು ಗೊತ್ತಾಗಬೇಕು, ಅಷ್ಟೇ.

ಕೇಳುವವರಿಗೂ ಒಂದು ಮಾತು. ಮಾಹಿತಿ ಹಕ್ಕಿನ ಅರ್ಜಿಯಲ್ಲಿ ನಕ್ಷೆಯ ಪ್ರತಿ ಅಂತ ಬರೆದರೆ ಝೆರಾಕ್ಸ್ ಬರುತ್ತದೆ, ಅದೂ ಎ4 ಹಾಳೆಗೆ ಕುಗ್ಗಿಸಿ. 2005ರ ಕಾಯ್ದೆಯ 2(ಜೆ) ಕಲಮಿನಲ್ಲಿ ಮಾಹಿತಿಯನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ಪಡೆಯುವ ಹಕ್ಕಿದೆ. ಫ್ಲಾಪಿ, ಟೇಪು ಅಂತೆಲ್ಲ ಅದರಲ್ಲಿದೆ, ಆ ಕಾಲದ್ದು. ಆ ಕಲಮು ಹೆಸರಿಸಿ, ಶೇಪ್‌ಫೈಲ್ ಬೇಕು ಅಂತ ಸ್ಪಷ್ಟವಾಗಿ ಬರೆಯಿರಿ. ಶೇಪ್‌ಫೈಲ್ ಅಂದರೆ ಒಂದೇ ಫೈಲಲ್ಲ, ಒಂದೇ ಹೆಸರಿನ ಹಲವು ಫೈಲುಗಳ ಗುಂಪು. ಅದರಲ್ಲಿ ಪಿಆರ್‌ಜೆ ಅನ್ನುವ ತೀರಾ ಚಿಕ್ಕ ಫೈಲೊಂದಿರುತ್ತದೆ, ಅಕ್ಷಾಂಶ ಯಾವ ಲೆಕ್ಕದ್ದು ಅಂತ ಇರುವುದು ಅದರಲ್ಲೇ. ಕಾಪಿ ಮಾಡುವವರು ಬಿಟ್ಟುಬಿಡುವುದೂ ಅದನ್ನೇ. ಸಿಡಿ ಕೈಗೆ ಬಂದ ತಕ್ಷಣ, ಸಹಿ ಹಾಕುವ ಮೊದಲೇ, ಅದು ಇದೆಯಾ ನೋಡಿಕೊಳ್ಳಿ.