ಓಡಿಸಿ ನಿಲ್ಲಿಸಿದ ಕಾರು ಮತ್ತೆ ಯಾಕೆ ಸ್ಟಾರ್ಟ್ ಆಗಲ್ಲ?

ಪ್ರಶ್ನೆ: ನಮ್ಮದು ಹಳೆಯ ಪೆಟ್ರೋಲ್ ಕಾರು. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಹಾಸನದಿಂದ ಮಂಗಳೂರಿಗೆ ಹೊರಟು ಸಕಲೇಶಪುರದಲ್ಲಿ ಕಾಫಿಗೆ ನಿಲ್ಲಿಸಿದರೆ ಮುಗೀತು. ಸೆಲ್ಫ್ ಹೊಡೆಯುತ್ತದೆ, ಇಂಜಿನ್ ಹಿಡಿಯುವುದಿಲ್ಲ. ಅರ್ಧ ಗಂಟೆ ಬಿಟ್ಟರೆ ತಾನೇ ಸರಿಯಾಗುತ್ತದೆ. ಹೊಸ ಬ್ಯಾಟರಿ ಹಾಕಿಸಿದರೂ ಅದೇ ಕಥೆ. ಗ್ಯಾರೇಜಿಗೆ ಒಯ್ದರೆ ಅಲ್ಲಿ ಏನೂ ತೊಂದರೆ ಕಾಣುವುದಿಲ್ಲ. ಏನು ಮಾಡಲಿ?

ಉತ್ತರ: ಅರ್ಧ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ತಣ್ಣಗಿದ್ದಾಗ ಸರಿ, ಬಿಸಿಯಾದಾಗ ಇಲ್ಲ. ಬ್ಯಾಟರಿ ವೀಕ್ ಆಗಿದ್ದರೆ ಬೆಳಗಿನ ಚಳಿಯಲ್ಲೇ ಮೊದಲು ತಕರಾರು ತೆಗೆಯುತ್ತಿತ್ತು. ಹಾಗಾಗಿ ಬಿಸಿಗೆ ಕೈಕೊಡುವ ಭಾಗ ಯಾವುದು ಅಂತ ಹುಡುಕಬೇಕು.

ಇಂಜಿನ್ ಆಫ್ ಮಾಡಿದ ತಕ್ಷಣ ಬಾನೆಟ್ ಒಳಗೆ ತಣ್ಣಗಾಗುವುದಿಲ್ಲ, ಇನ್ನೂ ಬಿಸಿ ಏರುತ್ತದೆ. ಕೂಲೆಂಟ್ ಹರಿಯುವುದು ನಿಂತಿರುತ್ತದೆ, ಎದುರಿನಿಂದ ಗಾಳಿಯೂ ಬರುವುದಿಲ್ಲ. ಇಂಜಿನ್ನಿನ ಶಾಖವೆಲ್ಲ ಸುತ್ತಲಿನ ಸೆನ್ಸರ್, ವೈರು, ಪೈಪುಗಳಿಗೆ ಹತ್ತುತ್ತದೆ. ನೀವು ಕಾಫಿ ಕುಡಿದು ಬರುವ ಹೊತ್ತಿಗೆ ಅದು ಜೋರಾಗಿರುತ್ತದೆ.

ನೀವು ಹೇಳಿದ ಲಕ್ಷಣಕ್ಕೆ ನನ್ನ ಮೊದಲ ಅನುಮಾನ ಕ್ರ್ಯಾಂಕ್ ಸೆನ್ಸರ್ ಮೇಲೆ, ಅಂದರೆ ಇಂಜಿನ್ ತಿರುಗುವುದನ್ನು ಗಮನಿಸುವ ಸೆನ್ಸರ್ ಮೇಲೆ. ಹಲವು ಕಾರುಗಳಲ್ಲಿ ಇದರೊಳಗೆ ತೆಳ್ಳನೆಯ ತಾಮ್ರದ ತಂತಿಯ ಸುರುಳಿ ಇರುತ್ತದೆ. ವರ್ಷಗಟ್ಟಲೆ ಕಾದು ಕಾದು ತಂತಿಯಲ್ಲಿ ಎಲ್ಲೋ ಸಣ್ಣ ಬಿರುಕು ಬಿಟ್ಟಿರುತ್ತದೆ. ಬಿಸಿಗೆ ಹಿಗ್ಗಿದಾಗ ಸಂಪರ್ಕ ತಪ್ಪುತ್ತದೆ, ತಣಿದಾಗ ಮತ್ತೆ ಕೂಡುತ್ತದೆ. ಸಿಗ್ನಲ್ ಬರದಿದ್ದರೆ ಪಿಸ್ಟನ್ ಎಲ್ಲಿದೆ ಅಂತ ಇಂಜಿನ್ ನಡೆಸುವ ಕಂಪ್ಯೂಟರಿಗೆ (ಇಸಿಎಂ) ಗೊತ್ತಾಗುವುದಿಲ್ಲ. ಆಗ ಅದು ಕಿಡಿಯನ್ನೂ ಕೊಡುವುದಿಲ್ಲ, ಪೆಟ್ರೋಲನ್ನೂ ಬಿಡುವುದಿಲ್ಲ. ಮುಂದಿನ ಸಲ ಹೀಗಾದಾಗ ಸೆಲ್ಫ್ ಹೊಡೆಯುತ್ತಲೇ ಆರ್‌ಪಿಎಂ ಮುಳ್ಳು ನೋಡಿ. ಬಹಳಷ್ಟು ಕಾರುಗಳಲ್ಲಿ ಅದು 200-300ರ ಹತ್ತಿರ ಅಲುಗಾಡಬೇಕು. ಸೊನ್ನೆಯಲ್ಲೇ ಮಲಗಿದ್ದರೆ ಅನುಮಾನ ಗಟ್ಟಿಯಾಯಿತು. ಆದರೆ ಎಲ್ಲ ಕಾರಿಗೂ ಇದು ಹೊಂದುವುದಿಲ್ಲ, ಇದೊಂದನ್ನೇ ನಂಬಿ ಸೆನ್ಸರ್ ಬದಲಿಸಬೇಡಿ.

ಆಮೇಲೆ ಟ್ಯಾಂಕಿನಿಂದ ಇಂಜಿನ್ನಿಗೆ ಪೆಟ್ರೋಲ್ ಕಳಿಸುವ ಪಂಪ್. ಸೆಲ್ಫ್ ಹೊಡೆಯದೆ ಸುಮ್ನೆ ಕೀ ಆನ್ ಮಾಡಿ, ಹಿಂದಿನ ಸೀಟಿನ ಕಡೆ ಕಿವಿಗೊಡಿ. ಒಂದೆರಡು ಸೆಕೆಂಡು ಗುಂಯ್ ಅನ್ನಬೇಕು. ಸದ್ದು ಬರದಿದ್ದರೆ ಪಂಪ್ ಅಥವಾ ಅದಕ್ಕೆ ಕರೆಂಟ್ ಕೊಡುವ ಸ್ವಿಚ್ (ರಿಲೇ) ನೋಡಿಸಬೇಕು. ಟ್ಯಾಂಕ್ ಒಳಗಿನ ಪಂಪನ್ನು ತಂಪಾಗಿಡುವುದು ಪೆಟ್ರೋಲೇ. ಯಾವಾಗಲೂ ರಿಸರ್ವ್‌ನಲ್ಲಿ ಓಡಿಸುವವರ ಪಂಪ್ ಬೇಗ ಹೋಗುವುದು ಇದಕ್ಕೇ.

ಪೆಟ್ರೋಲ್ ವಾಸನೆ ಜಾಸ್ತಿ ಬರುತ್ತಿದ್ದರೆ ಮೊದಲು ಬಾನೆಟ್ ತೆಗೆದು ಹೊರಗೆಲ್ಲೂ ಸೋರುತ್ತಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಸೋರುತ್ತಿದ್ದರೆ ಸ್ಟಾರ್ಟ್ ಮಾಡುವ ಮಾತೇ ಬೇಡ. ಇಲ್ಲದಿದ್ದರೆ ಇಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಹನಿದು ಒಳಗೆ ಪೆಟ್ರೋಲ್ ತುಂಬಿರಬಹುದು. ಆಗ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಇಂಜೆಕ್ಷನ್ ಕಾರುಗಳಲ್ಲಿ ಸಾಮಾನ್ಯವಾಗಿ ಹೀಗೆ ಮಾಡಿದಾಗ ಪೆಟ್ರೋಲ್ ನಿಲ್ಲುತ್ತದೆ, ಒಳಗಿದ್ದದ್ದು ಆರುತ್ತದೆ. ಒಂದು ಸಲಕ್ಕೆ ಹತ್ತು ಸೆಕೆಂಡ್ ಮೀರಬೇಡಿ, ಸೆಲ್ಫ್ ಮೋಟಾರ್ ಸುಟ್ಟುಹೋದೀತು.

ಎಸಿ ಪಂಪ್ (ಹಳೆಯ ಕಾರುಗಳಲ್ಲಿ ಇಂಜಿನ್ ಪಕ್ಕ ಇರುತ್ತಿದ್ದ ಪೆಟ್ರೋಲ್ ಪಂಪ್, ಏರ್ ಕಂಡೀಷನರ್ ಅಲ್ಲ) ಮೇಲೆ ಒದ್ದೆ ಬಟ್ಟೆ ಹಾಕಿ ಅಂತ ಹಿರಿಯರು ಯಾರಾದರೂ ಹೇಳಿರಬಹುದು. ಅಂಬಾಸಿಡರ್, ಪದ್ಮಿನಿ ಕಾಲಕ್ಕೆ ಅದು ಸರಿಯಾದ ಉಪಾಯವೇ. ಬಿಸಿಗೆ ಪೆಟ್ರೋಲ್ ಆವಿಯಾಗಿ ಪಂಪ್ ಎಳೆಯುತ್ತಿರಲಿಲ್ಲ. ಇಂಜೆಕ್ಷನ್ ಕಾರಿನಲ್ಲಿ ಪೆಟ್ರೋಲ್ ಒತ್ತಡದಲ್ಲಿರುತ್ತದೆ, ಆ ತೊಂದರೆ ಅಪರೂಪ.

ನಿಮ್ಮ ಹಾಗಲ್ಲದೆ, ಸೆಲ್ಫೇ ಹೊಡೆಯದೆ ಬರೀ ಟಕ್ ಅಂದು ಸುಮ್ಮನಾಗುವ ಕಾರುಗಳ ದಾರಿಯೇ ಬೇರೆ. ಅಲ್ಲಿ ಬ್ಯಾಟರಿ ಟರ್ಮಿನಲ್, ಅರ್ಥಿಂಗ್ ವೈರ್, ಸೆಲ್ಫ್ ಮೋಟಾರಿಗೆ ಕರೆಂಟ್ ಕೊಡುವ ಸ್ವಿಚ್ (ಸೊಲೆನಾಯ್ಡ್) ನೋಡಬೇಕು. ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ ಸುಮಾರು 14 ವೋಲ್ಟ್ ತೋರಿಸದಿದ್ದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲದಿರಬಹುದು.

ಇನ್ನು ಗ್ಯಾರೇಜಿನ ವಿಷಯ. ತಣ್ಣಗಿರುವ ಕಾರನ್ನು ಬಿಟ್ಟು ಬಂದರೆ ಎಂಥ ಒಳ್ಳೆ ಮೆಕ್ಯಾನಿಕ್ಕಿಗೂ ಏನೂ ಸಿಗುವುದಿಲ್ಲ. ಚೆನ್ನಾಗಿ ಓಡಿಸಿ ಬಿಸಿ ಮಾಡಿಕೊಂಡೇ ಹೋಗಿ, ಅಲ್ಲೇ ಆಫ್ ಮಾಡಿ, ಹದಿನೈದು ನಿಮಿಷ ಬಿಟ್ಟು ಅವರ ಎದುರಿಗೇ ಸ್ಟಾರ್ಟ್ ಮಾಡಿ ತೋರಿಸಿ. ದಾರಿಯಲ್ಲಿ ಕೈಕೊಟ್ಟಾಗ ಮೀಟರ್ ಬೋರ್ಡಿನ ವಿಡಿಯೋ ತೆಗೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಕಾರಿನ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿಸಿ. ಪಿ0335 ಕೋಡ್ ಬಂದರೆ ಕ್ರ್ಯಾಂಕ್ ಸೆನ್ಸರ್ ಅಥವಾ ಅದರ ವೈರಿಂಗ್. ಕೋಡ್ ಬರದಿದ್ದರೂ ಸೆನ್ಸರ್ ಸರಿಯಿದೆ ಅಂತ ಬಿಡುವ ಹಾಗಿಲ್ಲ. ಕಾರು ಬಿಸಿಯಾಗಿ ಹಟ ಹಿಡಿದಾಗ ಸೆನ್ಸರ್ ಒಂದನ್ನೇ ತಣ್ಣಗೆ ಮಾಡಿ ನೋಡಲು ಹೇಳಿ. ಆಗ ಸ್ಟಾರ್ಟ್ ಆದರೆ ಕಳ್ಳ ಬಹುತೇಕ ಸಿಕ್ಕಿದಂತೆ. "ಇದೊಂದು ಬದಲಿಸಿ ನೋಡೋಣ" ಅನ್ನುವುದಕ್ಕೆ ಮಾತ್ರ ಒಪ್ಪಬೇಡಿ. ಹೊಸ ಬ್ಯಾಟರಿಯ ದುಡ್ಡು ಹೋಗಿದ್ದೇ ಸಾಕು.

ರಿಪೇರಿ ಆಗುವ ತನಕ ಶಿರಾಡಿ ಘಾಟಿಗೆ ಈ ಕಾರು ಒಯ್ಯಬೇಡಿ. ಇಳಿಜಾರಿನಲ್ಲಿ ಉರುಳಿಸಿ ಸ್ಟಾರ್ಟ್ ಮಾಡುವ ಯೋಚನೆಯಂತೂ ಬೇಡವೇ ಬೇಡ. ಸೆಲ್ಫ್ ಹೊಡೆದರೂ ಹಿಡಿಯದ ಇಂಜಿನ್ ತಳ್ಳಿದರೂ ಹಿಡಿಯುವುದಿಲ್ಲ. ಮೇಲಾಗಿ ಇಂಜಿನ್ ಆಫ್ ಇದ್ದಾಗ ಎರಡು ಮೂರು ಸಲ ಒತ್ತುವಷ್ಟರಲ್ಲಿ ಬ್ರೇಕ್ ಗಟ್ಟಿಯಾಗುತ್ತದೆ, ಸ್ಟೇರಿಂಗ್ ಭಾರವಾಗುತ್ತದೆ. ಹೆದ್ದಾರಿಯಲ್ಲಿ ನಿಂತುಬಿಟ್ಟರೆ ಹಜಾರ್ಡ್ ಲೈಟ್ ಹಾಕಿ, ಎಲ್ಲರೂ ಇಳಿದು ರಸ್ತೆಯಿಂದ ದೂರ ನಿಂತು, ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ.